ಫ್ಲೂ ಜ್ವರ ಮತ್ತು ದುಡಿಯುವವರ ಬದುಕು: 1918 ಕಲಿಸಿದ ಪಾಠ

ಮಳೆಗಾಲ ಮುಗಿಯುತ್ತಾ ಬಂದಂತೆ ಪ್ರತಿವರ್ಷ ನಮ್ಮ ಮನೆಗಳಲ್ಲಿ ನೆಗಡಿ, ಕೆಮ್ಮು, ಮೈಕೈ ನೋವಿನ ಜ್ವರ ಕಾಣಿಸಿಕೊಳ್ಳುತ್ತದೆ. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಸುತ್ತಿ ಹೋಗುತ್ತದೆ. "ಫ್ಲೂ ಅಂತೆ, ನಾಲ್ಕು ದಿನದಲ್ಲಿ ಬಿಡುತ್ತದೆ" ಎಂದು ನಾವು ಅದನ್ನು ಹಗುರವಾಗಿ ಕಾಣುತ್ತೇವೆ. ತಿಂಗಳ ಸಂಬಳದವರಿಗೆ ಆ ನಾಲ್ಕು ದಿನ ರಜೆ. ಆದರೆ ಬೀಡಿ ಕಟ್ಟುವ ತಾಯಿಗೆ, ಆಟೊ ಓಡಿಸುವ ತಂದೆಗೆ, ಬಂದರಿನಲ್ಲಿ ಮೂಟೆ ಹೊರುವವನಿಗೆ ಅದು ನಾಲ್ಕು ದಿನದ ಅನ್ನದ ಪ್ರಶ್ನೆ. ಔಷಧಿಯ ಖರ್ಚಿಗಿಂತ ಕೈತಪ್ಪಿದ ಕೂಲಿಯೇ ಅವರಿಗೆ ದೊಡ್ಡ ಹೊರೆ.

ಒಂದು ಜ್ವರ ದುಡಿಯುವ ಜನರ ಬದುಕನ್ನು ಹೇಗೆ ಬುಡಮೇಲು ಮಾಡಬಲ್ಲದು ಎಂಬುದನ್ನು ತಿಳಿಯಬೇಕಾದರೆ ನಾವು 1918ಕ್ಕೆ ಹಿಂತಿರುಗಬೇಕು. ಅದು ಸಾಮಾನ್ಯ ಋತುಮಾನದ ಫ್ಲೂ ಆಗಿರಲಿಲ್ಲ, ಜಗತ್ತನ್ನೇ ನಡುಗಿಸಿದ ಮಹಾಮಾರಿಯಾಗಿತ್ತು. ಆದರೂ ಹೊರೆ ಬಿದ್ದ ರೀತಿ ಒಂದೇ. ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಓದುವುದು ಸುಲಭ.

ಬಂದರಿನಿಂದ ಬಂದ ಜ್ವರ

ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸೈನಿಕರನ್ನು ಹೊತ್ತ ಹಡಗುಗಳು ಮುಂಬಯಿ ಬಂದರಿಗೆ ಬಂದು ಹೋಗುತ್ತಿದ್ದವು. 1918ರ ಜೂನ್ 10ರಂದು ಮುಂಬಯಿಯ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಹಡಗುಕಟ್ಟೆಯಲ್ಲಿ ಕಾವಲಿದ್ದವನೂ ಇದ್ದ. ಅದು ಮಲೇರಿಯಾ ಆಗಿರಲಿಲ್ಲ. ಕೆಲವೇ ದಿನಗಳಲ್ಲಿ ಕಚೇರಿ, ಗಿರಣಿ, ಗೋದಿಗಳಲ್ಲಿ ಹಾಜರಿ ಕುಸಿಯಿತು. ಈ ಮೊದಲ ಅಲೆ ಬೇಗ ಇಳಿದಾಗ ಜನ ನಿಟ್ಟುಸಿರು ಬಿಟ್ಟರು.

ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯ ಅಲೆ ಭೀಕರವಾಗಿತ್ತು. ಅಕ್ಟೋಬರ್ 6ರಂದು ಒಂದೇ ದಿನ ಮುಂಬಯಿ ನಗರದಲ್ಲಿ 768 ಜನ ಸತ್ತರು. ರೈಲುಹಾದಿಯನ್ನು ಹಿಡಿದು ಜ್ವರ ಒಳನಾಡಿಗೆ ನುಗ್ಗಿತು. ಇಂದಿನ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಪ್ರದೇಶಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ದೇಶದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಪ್ರಾಂತಗಳಲ್ಲಿ ಮುಂಬಯಿಯೂ ಒಂದು.

ಬಿತ್ತುವ ಕಾಲಕ್ಕೆ ಮಲಗಿದ ಊರು

ಆ ವರ್ಷ ಮುಂಗಾರು ಮಳೆ ಕೈಕೊಟ್ಟಿತ್ತು. ಯುದ್ಧದ ಕಾರಣದಿಂದ ಧಾನ್ಯ, ಬಟ್ಟೆ, ಸೀಮೆಎಣ್ಣೆಯ ಬೆಲೆ ಮೊದಲೇ ಏರಿತ್ತು. ರೈತನ ಆಸೆಯೆಲ್ಲ ಹಿಂಗಾರಿಯ ಮೇಲಿತ್ತು. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಎರಡನೆಯ ಅಲೆ ಬಂದದ್ದೂ ಆಗಲೇ. ಹಸಿ ಆರುವುದರೊಳಗೆ ಬಿತ್ತಬೇಕು, ಜ್ವರ ಇಳಿಯಲಿ ಎಂದು ಭೂಮಿ ಕಾಯುವುದಿಲ್ಲ. ಮನೆಯ ನಾಲ್ವರೂ ಒಟ್ಟಿಗೆ ಮಲಗಿದರೆ ಕೂರಿಗೆ ಹಿಡಿಯುವವರು ಯಾರು? ಎತ್ತಿಗೆ ನೀರು ಕುಡಿಸುವವರು ಯಾರು? ಒಂದು ವಾರದ ಜ್ವರ ಒಂದು ವರ್ಷದ ಬೆಳೆಯನ್ನು ಕಸಿದುಕೊಳ್ಳುವುದು ಹೀಗೆ.

ಈ ರೋಗಕ್ಕೆ ಇನ್ನೊಂದು ಕ್ರೂರ ಗುಣವಿತ್ತು. ಸಾಮಾನ್ಯ ಫ್ಲೂ ಎಳೆಯ ಮಕ್ಕಳನ್ನೂ ವೃದ್ಧರನ್ನೂ ಹೆಚ್ಚು ಕಾಡುತ್ತದೆ. 1918ರ ಜ್ವರ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು, ಎಂದರೆ ಮನೆ ನಡೆಸುವವರನ್ನೇ ಆರಿಸಿದಂತೆ ಕೊಂದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ರೋಗಿಗಳ ಆರೈಕೆಗೆ ನಿಂತವರೂ ಅವರೇ, ಎಲ್ಲರೂ ಉಂಡಮೇಲೆ ಉಳಿದದ್ದನ್ನು ಉಣ್ಣುತ್ತಿದ್ದವರೂ ಅವರೇ. ಹಿಂದಿ ಕವಿ ಸೂರ್ಯಕಾಂತ ತ್ರಿಪಾಠಿ 'ನಿರಾಲಾ' ತಮ್ಮ ಪತ್ನಿಯನ್ನೂ ಹಲವು ಬಂಧುಗಳನ್ನೂ ಈ ಜ್ವರದಲ್ಲಿ ಕಳೆದುಕೊಂಡು, ಎಳೆಯ ವಯಸ್ಸಿನಲ್ಲೇ ಮಕ್ಕಳ ಹೊಣೆ ಹೊತ್ತರು. ಹೆಸರು ಉಳಿಯದ ಲಕ್ಷಾಂತರ ಮನೆಗಳ ಕಥೆಯೂ ಅದೇ.

ಇಂಡಿಯಾದಲ್ಲಿ ಒಟ್ಟು ಸತ್ತವರು 1.2 ಕೋಟಿಯಿಂದ 1.8 ಕೋಟಿಯವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಹಾಗಾದದ್ದು ಅದೊಂದೇ ದಶಕ.

ಸಾವಿನಲ್ಲೂ ಸಮಾನತೆ ಇರಲಿಲ್ಲ

ರೋಗಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ ಎಂದು ನಾವು ಹೇಳುವುದುಂಟು. ಮುಂಬಯಿ ನಗರದ ಅಂಕಿಅಂಶ ಬೇರೆಯೇ ಮಾತು ಹೇಳುತ್ತದೆ. ಈ ಜ್ವರದಿಂದ ಯೂರೋಪಿಯನ್ನರಲ್ಲಿ ಸಾವಿರಕ್ಕೆ 8.3, ಪಾರ್ಸಿಗಳಲ್ಲಿ 9, ಮುಸ್ಲಿಮರಲ್ಲಿ 19.2 ಮಂದಿ ಸತ್ತರೆ, ಅಂದಿನ ದಾಖಲೆ 'ಕೆಳಜಾತಿಯ ಹಿಂದೂಗಳು' ಎಂದು ಬರೆದುಕೊಂಡ ಜನರಲ್ಲಿ ಸಾವಿರಕ್ಕೆ 61.6 ಮಂದಿ ಸತ್ತರು. ಎಲ್ಲರ ಊರೂ ಒಂದೇ, ಜ್ವರವೂ ಒಂದೇ. ಬೇರೆಯಾಗಿದ್ದದ್ದು ಮನೆಯ ಗಾಳಿಬೆಳಕು, ಹೊಟ್ಟೆಯ ಅನ್ನ ಮತ್ತು ಮಲಗಿದಾಗ ಗಂಜಿ ಕಾಯಿಸಿ ಕೊಡುವ ಕೈ.

ಬದುಕುಳಿದವರ ಗತಿಯೂ ಸುಗಮವಾಗಿರಲಿಲ್ಲ. ಬೆಲೆಯೇರಿಕೆಯ ಬಿಸಿ ತಡೆಯಲಾರದೆ 1919ರ ಜನವರಿಯಲ್ಲಿ ಮುಂಬಯಿಯ ಒಂದು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು.

ಅರ್ಥಶಾಸ್ತ್ರಜ್ಞರ ವಾದ

ಈ ದುರಂತ ಅರ್ಧ ಶತಮಾನದ ಬಳಿಕ ಒಂದು ಪ್ರಸಿದ್ಧ ಚರ್ಚೆಗೆ ಕಾರಣವಾಯಿತು. ಹಿಂದುಳಿದ ದೇಶಗಳ ಹೊಲಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಜನರಿದ್ದಾರೆ, ಕೆಲವರು ಹೋದರೂ ಬೆಳೆ ಕಡಿಮೆಯಾಗದು ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಅಮೆರಿಕದ ಥಿಯೋಡರ್ ಶುಲ್ಟ್ಜ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಅಲ್ಲಗಳೆದರು. ಅವರ ಲೆಕ್ಕದಂತೆ ಫ್ಲೂವಿನಿಂದ ಇಂಡಿಯಾದ ಕೃಷಿ ದುಡಿಮೆಗಾರರು ಶೇಕಡಾ 8ರಷ್ಟು ಕಡಿಮೆಯಾದರು. 1916-17ಕ್ಕೆ ಹೋಲಿಸಿದರೆ 1919-20ರಲ್ಲಿ ಬಿತ್ತನೆಯ ಪ್ರದೇಶ ಶೇಕಡಾ 3.8ರಷ್ಟು ಇಳಿಯಿತು. ಎಂದರೆ ಬಡ ರೈತನ ದುಡಿಮೆ ಬೆಲೆಯಿಲ್ಲದ್ದಲ್ಲ. ಅಮರ್ತ್ಯ ಸೇನ್ 1967ರಲ್ಲಿ ಈ ಲೆಕ್ಕವನ್ನು ಪ್ರಶ್ನಿಸಿದರು. ಮನೆಯಿಂದ ಒಬ್ಬ ಪಟ್ಟಣಕ್ಕೆ ಹೋದರೆ ಉಳಿದವರು ಅವನ ಕೆಲಸ ಹಂಚಿಕೊಳ್ಳುತ್ತಾರೆ, ರೋಗ ಹಾಗೆ ಮನೆಗೊಬ್ಬರನ್ನು ಆರಿಸಿ ಒಯ್ಯುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಇಬ್ಬರೂ ಮುಂದೆ ನೊಬೆಲ್ ಪುರಸ್ಕೃತರಾದರು. ವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ ನಮಗೆ ಮುಖ್ಯವಾದುದು ಇದು: ಒಂದೇ ಮನೆಯ ದುಡಿಯುವ ಕೈಗಳೆಲ್ಲ ಒಟ್ಟಿಗೆ ಸೋತಾಗ ಆ ಮನೆ ತಾನಾಗಿ ಏಳಲಾರದು.

ನಮ್ಮ ಕರ್ತವ್ಯ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಋತುಮಾನದ ಫ್ಲೂ ಪ್ರತಿವರ್ಷ ಸುಮಾರು 100 ಕೋಟಿ ಜನರಿಗೆ ತಗಲುತ್ತದೆ. ಅದರಿಂದ ಉಂಟಾಗುವ ಉಸಿರಾಟದ ತೊಂದರೆಯಿಂದ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ನಮ್ಮ ದೇಶದಲ್ಲಿ ಇದು ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದ ಕೊನೆಗೆ ಏರುತ್ತದೆ. 2009ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಹಂದಿಜ್ವರದ ಮೊದಲ ಸಾವು ಸಂಭವಿಸಿದಾಗ ಶಾಲೆ, ಚಿತ್ರಮಂದಿರಗಳು ಮುಚ್ಚಿದವು. ಆ ವೈರಾಣು ಈಗ ವರ್ಷವರ್ಷದ ಫ್ಲೂವಿನ ಜೊತೆ ಸೇರಿಹೋಗಿದೆ. ವೈರಾಣು ರೂಪ ಬದಲಿಸುವುದರಿಂದ ಲಸಿಕೆಯನ್ನೂ ಪ್ರತಿವರ್ಷ ಪಡೆಯಬೇಕು.

ಕಾಯಿಲೆ ಬಿದ್ದ ಕಾರ್ಮಿಕನಿಗೆ ವೇತನದ ಒಂದು ಭಾಗವಾದರೂ ಸಿಗಬೇಕೆಂಬ ವಿಚಾರ ನಮ್ಮಲ್ಲಿ 1948ರ ಕಾರ್ಮಿಕ ರಾಜ್ಯ ವಿಮಾ ಕಾಯ್ದೆಯಾಗಿ ಬಂತು. ಆದರೆ ದಿನಗೂಲಿಯವರು, ಸ್ವಂತ ದುಡಿಮೆಯವರು ಬಹುಪಾಲು ಅದರ ನೆರಳಿನ ಹೊರಗೇ ಉಳಿದಿದ್ದಾರೆ. ಆ ನೆರಳನ್ನು ಸ್ವಲ್ಪವಾದರೂ ಚಾಚುವ ಕೆಲಸ ನಮ್ಮಂಥ ಸಂಘಗಳಿಂದ ಆಗಬಹುದು. ಜ್ವರದ ವಾರ ಕೂಲಿ ತಪ್ಪಿದ ಮನೆಗೆ ಅಕ್ಕಿ ತಲಪಿಸುವುದು, ವೃದ್ಧರಿಗೆ ಹಾಗೂ ಗರ್ಭಿಣಿಯರಿಗೆ ಲಸಿಕೆಯ ಮಾಹಿತಿ ನೀಡುವುದು, ಶುಲ್ಕ ಕಟ್ಟಲು ಒಂದು ತಿಂಗಳು ತಡವಾದ ವಿದ್ಯಾರ್ಥಿಯನ್ನು ಕರೆದು ಮನೆಯ ಸ್ಥಿತಿ ವಿಚಾರಿಸುವುದು ದೊಡ್ಡ ಯೋಜನೆಗಳೇನಲ್ಲ. ಹಾಜರಿ ಪುಸ್ತಕದಲ್ಲಿ ನಾಲ್ಕು ದಿನ 'ಗೈರು' ಎಂದು ಬರೆದ ಹೆಸರಿನ ಹಿಂದೆ ಒಂದು ಮನೆಯಿದೆ ಎಂಬುದನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಮರೆಯದಿರೋಣ.