ನೆರೆಯವರ ಮಾತನ್ನು ಮುಂದಕ್ಕೆ ದಾಟಿಸಿದವರು

1914ರ ವಸಂತಕಾಲದಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಇಂಜಿನಿಯರು, ಸುಮಾರು 30 ಮೈಲಿ ದೂರದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಇನ್ನೊಬ್ಬ ಹವ್ಯಾಸಿಗೆ ತಮ್ಮ ನಿಸ್ತಂತು ಯಂತ್ರದಿಂದ ಸಂದೇಶವೊಂದನ್ನು ತಲುಪಿಸಲು ಯತ್ನಿಸಿ ವಿಫಲರಾದರು. ಆದರೆ ಉಭಯ ನಗರಗಳ ಮಧ್ಯದ ವಿಂಡ್ಸರ್ ಲಾಕ್ಸ್ ಎಂಬ ಊರಿನಲ್ಲಿ ಅಂಥದೇ ಯಂತ್ರವನ್ನಿಟ್ಟುಕೊಂಡಿದ್ದ ಒಬ್ಬರು ಅವರ ಮಾತನ್ನು ಆಲಿಸಿ ಮುಂದಕ್ಕೆ ನುಡಿಯಲೊಪ್ಪಿದುದರಿಂದ, ಯಂತ್ರದ ಶಕ್ತಿಗೆ ಮೀರಿದ್ದ ಕಾರ್ಯವು ನೆರೆಯವರ ಸೌಜನ್ಯದಿಂದ ನೆರವೇರಿತು. ಅಂತರ್ಜಾಲಕ್ಕೆ ಪರ್ಯಾಯವಾಗಿ ‘ಮೆಷ್’ ಎಂಬ ರೇಡಿಯೋ ಜಾಲಗಳನ್ನು ಕಟ್ಟುತ್ತಿರುವವರ ಚರಿತ್ರೆಯನ್ನು ಈ ಸಣ್ಣ ಘಟನೆಯಿಂದಲೇ ತೊಡಗಬೇಕೆಂದು ನನ್ನ ಎಣಿಕೆ. ಅನ್ಯರ ಮಾತನ್ನು ಪ್ರತಿಫಲಾಪೇಕ್ಷೆಯಿಲ್ಲದೆ ಮುಂದಕ್ಕೆ ದಾಟಿಸುವ ವ್ರತವೊಂದೇ ಅಂಥ ಜಾಲಗಳೆಲ್ಲಕ್ಕೂ ಆಧಾರವಾಗಿದೆ.

ಅಮೆರಿಕದ 1912ರ ರೇಡಿಯೋ ಶಾಸನವು ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ತರಂಗಗಳಿಗೆ ಕಟ್ಟಿಹಾಕಿತ್ತು. ಅವು ನಿರುಪಯುಕ್ತವೆಂದು ಅಂದಿನ ತಜ್ಞರು ಬಗೆದಿದ್ದರು. ದೂರಕ್ಕೆ ಮುಟ್ಟಲಾರದವರು ಒಬ್ಬರ ಕೈಯನ್ನೊಬ್ಬರು ಹಿಡಿಯಬೇಕಷ್ಟೆ. ಮ್ಯಾಕ್ಸಿಮ್ ಅವರು ಸ್ಥಾಪಿಸಿದ ರೇಡಿಯೋ ರಿಲೇ ಲೀಗಿನ ಸದಸ್ಯರು, 1917ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನಿಂದ ಲಾಸ್ ಏಂಜಲಿಸಿಗೆ ಸಂದೇಶವನ್ನು ಕೈಯಿಂದ ಕೈಗೆ ಸಾಗಿಸಿ 1 ಗಂಟೆ 20 ನಿಮಿಷಗಳಲ್ಲಿ ಉತ್ತರವನ್ನೂ ತರಿಸಿಕೊಂಡರು. ಎರಡೇ ತಿಂಗಳಲ್ಲಿ ಅಮೆರಿಕವು ಮಹಾಯುದ್ಧಕ್ಕಿಳಿಯಲು, ಸರ್ಕಾರದ ಆಜ್ಞೆಯಿಂದ ಈ ಕೇಂದ್ರಗಳೆಲ್ಲ ಮೌನತಾಳಿ, 1919ರವರೆಗೂ ಮತ್ತೆ ನುಡಿಯಲಿಲ್ಲ.

ಹವ್ಯಾಸಿಗಳು ಆಚರಣೆಯಿಂದ ಕಂಡುಕೊಂಡಿದ್ದುದಕ್ಕೆ ಸಮೀಪವಾದ ತತ್ತ್ವವೊಂದಕ್ಕೆ ಶಾಸ್ತ್ರರೂಪವನ್ನು ಕೊಟ್ಟವರು ಅಮೆರಿಕದ ರ್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಪಾಲ್ ಬರಾನ್. ಪರಮಾಣು ಯುದ್ಧದ ಭೀತಿಯು ಲೋಕವನ್ನು ಕವಿದಿದ್ದ ಕಾಲದಲ್ಲಿ, ಒಂದು ಕೇಂದ್ರವು ಹಾಳಾದ ಮಾತ್ರಕ್ಕೆ ಇಡೀ ದೇಶದ ಸಂಪರ್ಕವು ಕಡಿದುಹೋಗದಿರಲು ಏನು ಮಾಡಬೇಕೆಂದು ವಿಚಾರಿಸಿದ ಅವರು, ಪ್ರತಿಯೊಂದು ಬಿಂದುವಿಗೂ ಮೂರು ನಾಲ್ಕು ನೆರೆಬಿಂದುಗಳ ಕೊಂಡಿಯಿದ್ದರೆ ಸಾಕು, ಭಾರಿ ನಾಶದ ನಂತರವೂ ಉಳಿದವುಗಳು ಪರಸ್ಪರ ಮಾತನಾಡಬಲ್ಲವೆಂದು 1964ರಲ್ಲಿ ಪ್ರಕಟವಾದ ತಮ್ಮ ಸಂಪುಟಗಳಲ್ಲಿ ಪ್ರತಿಪಾದಿಸಿದರು. ಆ ಸಂಪುಟಗಳಲ್ಲೊಂದು ಅಗ್ಗದ ಮೈಕ್ರೋವೇವ್ ರೇಡಿಯೋ ಕೊಂಡಿಗಳಿಗೆಂದೇ ಮೀಸಲಾಗಿದ್ದಿತೆಂಬುದು ಸ್ಮರಣೀಯ.

1978ರಲ್ಲಿ ಕೆನಡಾದ ಮಾಂಟ್ರಿಯಲ್ಲಿನ ಹವ್ಯಾಸಿಗಳು ಗಣಕಯಂತ್ರದ ಅಕ್ಷರಗಳನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಆಕಾಶಮಾರ್ಗದಲ್ಲಿ ಕಳುಹಿಸಿದರು. 1984ರಲ್ಲಿ ನೆಲೆಗೊಂಡ ಎಎಕ್ಸ್.25 ಎಂಬ ನಿಯಮಾವಳಿಯಂತೆ, ಪ್ರತಿಯೊಂದು ಪೊಟ್ಟಣವೂ ತನ್ನನ್ನು ದಾಟಿಸಬೇಕಾದ ಎಂಟರವರೆಗಿನ ಕೇಂದ್ರಗಳ ಹೆಸರುಗಳನ್ನು ತನ್ನ ನೆತ್ತಿಯ ಮೇಲೆ ಹೊತ್ತು ಸಾಗುತ್ತಿದ್ದಿತು. ಆದರೆ ಹವ್ಯಾಸಿ ತರಂಗಗಳಲ್ಲಿ ವ್ಯಾಪಾರಕ್ಕೂ ಗುಪ್ತಲಿಪಿಗೂ ನಿಷೇಧವಿದ್ದುದರಿಂದ, ಸಾಮಾನ್ಯ ಸಂಸಾರಿಯ ಬಾಳಿಗೆ ಆ ಜಾಲವು ಒದಗಲಿಲ್ಲ. 1985ರಲ್ಲಿ ಅಮೆರಿಕವು 2.4 ಗಿಗಾಹರ್ಟ್ಸ್ ಮೊದಲಾದ ತರಂಗಪಟ್ಟಿಗಳನ್ನು ಪರವಾನಗಿಯ ಹಂಗಿಲ್ಲದೆ ತೆರೆದಿಟ್ಟು, ಅದರ ಫಲವಾಗಿ ವೈಫೈ ಹುಟ್ಟಿದ ಮೇಲೆಯೇ ಬಾಗಿಲು ಎಲ್ಲರಿಗೂ ತೆರೆಯಿತು.

ಆ ಬಾಗಿಲನ್ನು ಸಾರ್ಥಕವಾಗಿ ದಾಟಿದವರು ಸ್ಪೇನಿನ ಕ್ಯಾಟಲೋನಿಯದ ಹಳ್ಳಿಗರು. ಓಸೋನಾ ಪ್ರಾಂತದ ಗುರ್ಬ್ ಎಂಬಲ್ಲಿ, ಚದುರಿದ ಹೊಲಮನೆಗಳಿಗೆ ತಂತಿಯೆಳೆಯುವುದು ಕಂಪನಿಗಳಿಗೆ ಲಾಭಕರವೆನಿಸದೆ ಇದ್ದಾಗ, ರಮೋನ್ ರೋಕಾ ಮತ್ತು ಅವರ ನೆರೆಯವರು 2004ರಲ್ಲಿ ಮನೆಯ ಮಾಡುಗಳ ಮೇಲೆ ಆಂಟೆನಾಗಳನ್ನು ನಿಲ್ಲಿಸಿ ಗಿಫಿ.ನೆಟ್ ಎಂಬ ಜಾಲವನ್ನು ತಾವೇ ಆರಂಭಿಸಿದರು. ಊರೊಟ್ಟಿನ ಕೆರೆಯಂತೆ ಅದು ಸರ್ವರ ಸ್ವತ್ತು: ಯಾರಾದರೂ ಬಳಸಬಹುದು, ಯಾರಾದರೂ ಅದರ ರಚನೆಯನ್ನು ಅರಿಯಬಹುದು, ಯಾರಾದರೂ ವಿಸ್ತರಿಸಬಹುದು, ಸೇರಿದವರು ತಮ್ಮ ಬಿಂದುವಿನ ಮೂಲಕ ಪರರ ಸಂಚಾರವನ್ನು ಬಿಡತಕ್ಕದ್ದೆಂದು ಅವರು ಒಪ್ಪಂದವನ್ನೂ ಬರೆದುಕೊಂಡರು. ಹೀಗೆ ತೊಡಗಿದ ಜಾಲವು ಕಾಲಕ್ರಮದಲ್ಲಿ 30,000ಕ್ಕೂ ಮಿಕ್ಕ ಬಿಂದುಗಳಾಗಿ ಹಬ್ಬಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಯಲಿನಲ್ಲಿ ಬಳಸಲು 2005ರ ಆದಿಯಲ್ಲಿ ಮುಕ್ತ ಅನುಮತಿ ದೊರೆಯಿತು. ಅದೇ ವರ್ಷ ಧರ್ಮಶಾಲೆಯ ಬೆಟ್ಟದ ಇಳಿಜಾರಿನಲ್ಲಿ, ಟಿಬೆಟ್ ನಿರಾಶ್ರಿತರ ಸಂಸ್ಥೆಗಳನ್ನು ಬೆಸೆಯುವ ಮೆಷ್ ಜಾಲವು ತಲೆಯೆತ್ತಿತು. ನಮ್ಮ ತುಮಕೂರು ಸೀಮೆಯ ದೇವರಾಯನದುರ್ಗದ ಆಸುಪಾಸಿನಲ್ಲಿಯೂ ಜನಸ್ತು ಸಂಸ್ಥೆಯವರು ಸಮುದಾಯದ ಒಡೆತನದ ವೈಫೈ ಮೆಷ್ ಕಟ್ಟುವ ಕಾರ್ಯದಲ್ಲಿ ತೊಡಗಿದ್ದಾರೆ.

ಈ ಜಾಲಗಳ ಮಿತಿಯನ್ನೂ ಹೇಳದಿರುವುದು ಸತ್ಯಕ್ಕೆ ಅಪಚಾರ. ಒಂದೇ ರೇಡಿಯೋದಿಂದ ಕೇಳುತ್ತಲೂ ನುಡಿಯುತ್ತಲೂ ಇರುವ ಬಿಂದುವಿನಲ್ಲಿ ಪ್ರತಿ ದಾಟಿಗೂ ವೇಗವು ಸರಿಸುಮಾರು ಅರ್ಧಕ್ಕಿಳಿಯುವುದು. ನಡುವೆ ಗುಡ್ಡವೋ ಮರವೋ ಅಡ್ಡ ಬಂದರೆ ತರಂಗವು ಸೋಲುವುದು. ಹೊರಲೋಕವನ್ನು ಮುಟ್ಟಲು ಎಲ್ಲಿಯಾದರೊಂದು ಕಡೆ ದೊಡ್ಡ ಜಾಲದ ಹೆಬ್ಬಾಗಿಲು ಬೇಕೇ ಬೇಕು. ಆದರೂ ಆ ಹೆಬ್ಬಾಗಿಲು ಮುಚ್ಚಿದ ದಿನ ಊರಿನವರು ಊರಿನವರೊಡನೆ ಮಾತನಾಡುತ್ತಲೇ ಇರಬಲ್ಲರೆಂಬುದು ಅಲ್ಪ ಲಾಭವೇನಲ್ಲ. ಇಂಥ ಜಾಲವನ್ನು ಕಟ್ಟಬಯಸುವ ಓದುಗರು, ಆಂಟೆನಾ ಕೊಳ್ಳುವುದಕ್ಕೆ ಮುನ್ನ ತಮ್ಮ ಮನೆಯ ಮಾಳಿಗೆಯನ್ನೇರಿ, ಅಲ್ಲಿಂದ ಯಾರ ಮನೆಯ ಮಾಡು ಕಣ್ಣಿಗೆ ಕಾಣುವುದೋ ಆ ಮನೆಯವರ ಪರಿಚಯವನ್ನು ಮೊದಲು ಮಾಡಿಕೊಳ್ಳಲಿ.