ಪವರ್ ವೀಡರ್ ಬದಲಿಸುತ್ತೀರಾ? ‘ಎಚ್‌ಪಿ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಮಾತು ನಿಜವೇ?

ಮುಂಗಾರು ಹತ್ತಿರವಾಗುತ್ತಿದ್ದಂತೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ಉಳುವ ಯಂತ್ರಗಳ ವಿಡಿಯೋಗಳು ಹರಿದಾಡಲು ಶುರುವಾಗುತ್ತವೆ. ಗಂಟೆಗೆ ಒಂದು ಎಕರೆ ಉಳುತ್ತದೆ, ಎಚ್‌ಪಿ ಹೆಚ್ಚಿದ್ದಷ್ಟೂ ಒಳ್ಳೆಯದು, ಆಳವಾಗಿ ಉತ್ತರೆ ಕಳೆ ಮತ್ತೆ ಬರುವುದೇ ಇಲ್ಲ, ಲಿಂಕ್ ಒತ್ತಿದರೆ ಸಬ್ಸಿಡಿ ಸಿಗುತ್ತದೆ ಎಂಬಂಥ ಮಾತುಗಳು ಅವುಗಳಲ್ಲಿರುತ್ತವೆ. ಮನೆಯ ಹಳೆಯ ಯಂತ್ರ ಕೈಕೊಟ್ಟ ಹೊತ್ತಿನಲ್ಲೇ ಇಂಥ ಫಾರ್ವರ್ಡ್ ಬಂದರೆ ಹತ್ತಾರು ಸಾವಿರ ರೂಪಾಯಿ ಅವಸರದಲ್ಲಿ ಖರ್ಚಾಗಿಬಿಡುತ್ತದೆ. ಈ ಮಾತುಗಳಲ್ಲಿ ನಿಜ ಎಷ್ಟು ಎಂಬುದನ್ನು ನಾವಿಲ್ಲಿ ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಹಳೆಯದು ನಿಜಕ್ಕೂ ಕೆಟ್ಟಿದೆಯೇ?

ನಾಲ್ಕೈದು ತಿಂಗಳು ಮೂಲೆಯಲ್ಲಿ ನಿಂತಿದ್ದ ಪೆಟ್ರೋಲ್ ಯಂತ್ರ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಹೋಯಿತು ಎಂದೇ ಅರ್ಥವಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕಾಲಕ್ರಮೇಣ ಅಂಟಿನಂತಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ತುಂಬ ದಿನ ನಿಂತ ಯಂತ್ರದಲ್ಲಿ ತೊಂದರೆ ಇನ್ನೂ ಹೆಚ್ಚು.

ಹಾಗಾಗಿ ಮೊದಲು ಹಳೆಯ ಪೆಟ್ರೋಲ್ ಪೂರ್ತಿ ತೆಗೆದು, ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಸ್ವಚ್ಛ ಮಾಡಿಸಿ, ಸ್ಪಾರ್ಕ್ ಪ್ಲಗ್ ಬದಲಿಸಿ ನೋಡಿ. ಇದಕ್ಕೆ ತಗಲುವ ಖರ್ಚು ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಹಗ್ಗ ಎಳೆದಾಗ ತಡೆಯೇ ಇಲ್ಲದಂತೆ ಹಗುರವಾಗಿ ಬರುತ್ತಿದ್ದರೆ, ನೀಲಿ ಹೊಗೆ ಬರುತ್ತಿದ್ದರೆ, ಗೇರ್ ಬಾಕ್ಸಿನಿಂದ ಕಬ್ಬಿಣ ಕಡಿದಂಥ ಸದ್ದು ಕೇಳುತ್ತಿದ್ದರೆ ಅದು ದೊಡ್ಡ ರಿಪೇರಿಯ ಲಕ್ಷಣ. ಆಗ ಮೆಕ್ಯಾನಿಕ್ ಹೇಳುವ ಖರ್ಚು ಹೊಸದರ ಬೆಲೆಯ ಅರ್ಧವನ್ನು ದಾಟುತ್ತಿದ್ದರೆ, ಅಥವಾ ಬಿಡಿಭಾಗವೇ ಸಿಗದಿದ್ದರೆ, ಬದಲಿಸುವ ಯೋಚನೆ ಮಾಡಬಹುದು.

ಪವರ್ ಟಿಲ್ಲರ್ ಬೇರೆ, ಪವರ್ ವೀಡರ್ ಬೇರೆ

ಎರಡರ ಹಿಂದೆಯೂ ನಡೆದೇ ಹೋಗಬೇಕು. ಆದ್ದರಿಂದ ಮಾತಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ಪವರ್ ಟಿಲ್ಲರ್ ಸಾಮಾನ್ಯವಾಗಿ 8ರಿಂದ 15 ಎಚ್‌ಪಿಯ ಡೀಸೆಲ್ ಯಂತ್ರ. ತೂಕ ನೂರಾರು ಕಿಲೋ. ಗದ್ದೆ ಕೆಸರು ಮಾಡಲು, ಟ್ರೇಲರ್ ಎಳೆಯಲು ಬಳಸುತ್ತಾರೆ. ಪವರ್ ವೀಡರ್ ಅಥವಾ ಮಿನಿ ಟಿಲ್ಲರ್ ಇದಕ್ಕಿಂತ ತುಂಬ ಹಗುರ. ಸಾಲುಗಳ ನಡುವೆ ಕಳೆ ತೆಗೆಯಲು, ಮೇಲ್ಮಣ್ಣು ಸಡಿಲ ಮಾಡಲು ಅದು ಸಾಕು. ಕಳೆ ತೆಗೆಯುವ ಯಂತ್ರದಿಂದ ಬೀಳುಬಿದ್ದ ಗಟ್ಟಿ ನೆಲ ಉಳಿಸಿದರೆ ಮೊದಲು ಸೋಲುವುದು ಗೇರ್ ಬಾಕ್ಸ್. ನಿಮ್ಮ ಹಳೆಯ ಯಂತ್ರ ಬೇಗ ಕೆಟ್ಟಿದ್ದರೆ, ಅದು ತನ್ನದಲ್ಲದ ಕೆಲಸ ಮಾಡುತ್ತಿತ್ತೇ ಎಂದು ಯೋಚಿಸಿ. ಹಾಗಿದ್ದರೆ ಅದೇ ಬಗೆಯ ಇನ್ನೊಂದು ಯಂತ್ರ ತಂದರೂ ಅದೇ ಗತಿ.

ಮಾತು 1: ‘ಎಚ್‌ಪಿ ಹೆಚ್ಚಿದ್ದಷ್ಟೂ ಒಳ್ಳೆಯದು’

ಅರ್ಧ ಸತ್ಯ. ಸ್ಟಿಕರ್ ಮೇಲಿನ ಎಚ್‌ಪಿ, ಬ್ಲೇಡಿಗೆ ತಲುಪುವ ಎಚ್‌ಪಿ ಎರಡೂ ಒಂದೇ ಅಲ್ಲ. ಒಂದೇ ಎಂಜಿನ್ನನ್ನು ಅಳೆಯುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹೋಂಡಾದ 163 ಸಿಸಿಯ ಜಿಎಕ್ಸ್ 160 ಎಂಜಿನ್ನನ್ನು ಒಂದು ಕಾಲದಲ್ಲಿ 5.5 ಎಚ್‌ಪಿ ಎನ್ನುತ್ತಿದ್ದರು. ಈಗ ನಿವ್ವಳ ಶಕ್ತಿಯ ಲೆಕ್ಕದಲ್ಲಿ 4.8 ಎಂದು ನಮೂದಿಸುತ್ತಾರೆ. ಅಮೆರಿಕದಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳ ಎಚ್‌ಪಿಯನ್ನು ಹೆಚ್ಚಿಸಿ ಹೇಳಲಾಗಿದೆ ಎಂದು ಗ್ರಾಹಕರು ದಾವೆ ಹೂಡಿದ್ದರು, ಅದು 2010ರಲ್ಲಿ ರಾಜಿಯಲ್ಲಿ ಮುಗಿಯಿತು.

ಹಾಗಾದರೆ ಏನು ನೋಡಬೇಕು? ಎಂಜಿನ್ ಎಷ್ಟು ಸಿಸಿ, ಯಂತ್ರದ ತೂಕ ಎಷ್ಟು, ಬ್ಲೇಡಿನ ಅಗಲ ಎಷ್ಟು ಎಂಬ ಮೂರನ್ನೂ ಒಟ್ಟಿಗೆ ನೋಡಿ. 200 ಸಿಸಿ ಆಸುಪಾಸಿನ ಪೆಟ್ರೋಲ್ ಎಂಜಿನ್ನಿಗೆ 9 ಎಚ್‌ಪಿ ಎಂದು ಬರೆದಿದ್ದರೆ ಅನುಮಾನ ಪಡಿ. ತೂಕವೂ ಮುಖ್ಯ. ಹಗುರ ಯಂತ್ರಕ್ಕೆ ದೊಡ್ಡ ಎಂಜಿನ್ ಕೂರಿಸಿದರೆ ಗಟ್ಟಿ ನೆಲದಲ್ಲಿ ಬ್ಲೇಡ್ ಮಣ್ಣಿಗಿಳಿಯುವ ಬದಲು ಯಂತ್ರವೇ ಜಿಗಿಯುತ್ತದೆ. ತೀರಾ ಭಾರವಾದರೆ ತೋಟದ ಬದು, ಕಾಲುವೆ ದಾಟಿಸಲು ಇಬ್ಬರು ಬೇಕು. ನಡೆಸುವವರು ಒಬ್ಬರೇ ತಿರುಗಿಸಬಲ್ಲಷ್ಟು ತೂಕವೇ ಸರಿಯಾದ ತೂಕ.

ಮಾತು 2: ‘ಗಂಟೆಗೆ ಒಂದು ಎಕರೆ’

ಇದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ ಸುಮಾರು 4,047 ಚದರ ಮೀಟರ್. ಬ್ಲೇಡಿನ ಅಗಲ ಎರಡಡಿ, ಅಂದರೆ 60 ಸೆಂಟಿಮೀಟರ್ ಇದ್ದರೆ ಒಂದು ಎಕರೆ ಮುಗಿಸಲು ನೀವು 6.7 ಕಿಲೋಮೀಟರ್ ನಡೆಯಬೇಕು. ಉತ್ತ ಮಣ್ಣಿನಲ್ಲಿ, ನಡುಗುವ ಯಂತ್ರ ಹಿಡಿದು, ಎಲ್ಲೂ ನಿಲ್ಲದೆ ತಿರುಗದೆ ಗಂಟೆಗೆ 6.7 ಕಿಲೋಮೀಟರ್ ನಡೆಯುವುದು ಯಾರಿಂದಲೂ ಆಗದು.

ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗ ಎಂದಿಟ್ಟುಕೊಂಡು, ತಿರುವುಗಳಿಗೆ ಕಾಲು ಭಾಗ ಕಳೆದರೆ ಗಂಟೆಗೆ ಆರೇಳು ಗುಂಟೆಯಾಗುತ್ತದೆ. ಅಂದರೆ ಎಕರೆಗೆ ಸುಮಾರು ಆರು ಗಂಟೆ. ಯಾವುದೇ ಜಾಹೀರಾತಿನ ಮಾತನ್ನು ಹೀಗೆ ಅಗಲ ಮತ್ತು ನಡಿಗೆಯ ವೇಗ ಹಾಕಿ ಪರೀಕ್ಷಿಸಿ.

ಅಗಲ ಹೆಚ್ಚಿದ್ದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅಗಲವನ್ನು ತೀರ್ಮಾನಿಸುವುದು ನಿಮ್ಮ ಸಾಲು. ಒಂಬತ್ತಡಿ ಅಂತರದ ಅಡಿಕೆ ತೋಟಕ್ಕೆ ಹೊಂದುವ ಯಂತ್ರ ಎರಡಡಿ ಸಾಲಿನ ತರಕಾರಿ ಪಾತಿಗೆ ಇಳಿಯುವುದಿಲ್ಲ. ಟೇಪು ಹಿಡಿದು ನಿಮ್ಮ ಅತಿ ಕಿರಿದಾದ ಸಾಲನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ.

ಮಾತು 3: ‘ಆಳವಾಗಿ ಉತ್ತರೆ ಕಳೆ ಮತ್ತೆ ಬರುವುದಿಲ್ಲ’

ತಪ್ಪು. ಜೇಕು ಮತ್ತು ಗರಿಕೆ ಇರುವ ಜಾಗದಲ್ಲಂತೂ ಇದು ತಿರುಗುಬಾಣವಾಗುತ್ತದೆ. ಜೇಕು ನೆಲದೊಳಗಿನ ಗಡ್ಡೆಗಳಿಂದ, ಗರಿಕೆ ತನ್ನ ಕಾಂಡದ ತುಂಡುಗಳಿಂದ ಹರಡುತ್ತದೆ. ತಿರುಗುವ ಬ್ಲೇಡ್ ಅವನ್ನು ಕತ್ತರಿಸಿ ಹೊಲದ ತುಂಬ ಹಂಚಿಬಿಡುತ್ತದೆ. ಒಳಗೆ ಹೂತಿದ್ದ ಕಳೆಬೀಜಗಳೂ ಮೇಲೆ ಬಂದು ಬೆಳಕು ಕಂಡು ಮೊಳೆಯುತ್ತವೆ.

ತೋಟದಲ್ಲಿ ಇನ್ನೊಂದು ಅಪಾಯವಿದೆ. ಅಡಿಕೆ, ಕಾಫಿಯಂಥ ಬೆಳೆಗಳ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ. ಬುಡದ ಹತ್ತಿರ ಆಳಕ್ಕೆ ಬ್ಲೇಡ್ ಇಳಿಸಿದರೆ ಕಳೆಯ ಜೊತೆ ಬೇರೂ ತುಂಡಾಗುತ್ತದೆ. ಎಲೆ ಹಳದಿಯಾದಾಗ ಗೊಬ್ಬರ ಸಾಲದು ಎಂದುಕೊಳ್ಳುತ್ತೇವೆ, ಬೇರಿಗಾದ ಗಾಯ ಕಣ್ಣಿಗೆ ಕಾಣುವುದಿಲ್ಲ.

ಹದ ಇಲ್ಲದಾಗ ಉಳುವುದೂ ಕೆಡುಕೇ. ಒದ್ದೆ ಎರೆ ಮಣ್ಣಿನಲ್ಲಿ ಬ್ಲೇಡ್ ಓಡಿಸಿದರೆ ಅದು ಕೆಳಪದರವನ್ನು ಸಾರಿಸಿದಂತೆ ಗಟ್ಟಿ ಮಾಡುತ್ತದೆ. ಹಿಡಿ ಮಣ್ಣು ತೆಗೆದುಕೊಂಡು ಉಂಡೆ ಮಾಡಿ ಬೆರಳಿನಿಂದ ಒತ್ತಿ. ಪುಡಿಯಾದರೆ ಹದವಾಗಿದೆ, ಅಂಟಿಕೊಂಡು ಚಪ್ಪಟೆಯಾದರೆ ಇನ್ನೂ ಕಾಯಬೇಕು. ಹಾಗಾಗಿ ಎಷ್ಟು ಆಳ ಹೋಗುತ್ತದೆ ಎಂಬುದಕ್ಕಿಂತ ಆಳವನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಕಳೆ ಕತ್ತರಿಸಿದರೆ ಸಾಕು ಎನ್ನುವ ತೋಟಗಳಿಗೆ ಬ್ರಷ್ ಕಟ್ಟರ್ ಮತ್ತು ಹೊದಿಕೆಯೇ ಮೇಲು.

ಮಾತು 4: ‘ಬ್ಯಾಟರಿ ಯಂತ್ರ ತಂದರೆ ಪೆಟ್ರೋಲ್ ಚಿಂತೆಯಿಲ್ಲ’

ಸಣ್ಣ ಕೈತೋಟಕ್ಕೆ ಸರಿ, ಎಕರೆಗಟ್ಟಲೆ ಉಳುಮೆಗೆ ಕಷ್ಟ. 48 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವ ಶಕ್ತಿ 0.96 ಯೂನಿಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಅಂದರೆ 4 ಎಚ್‌ಪಿ ಮೋಟರನ್ನು ಪೂರ್ಣ ಭಾರದಲ್ಲಿ ಓಡಿಸಿದರೆ ಈ ಬ್ಯಾಟರಿ 20 ನಿಮಿಷವೂ ಬಾರದು. ಸಡಿಲ ಮಣ್ಣಿನಲ್ಲಿ ಇನ್ನಷ್ಟು ಹೊತ್ತು ಓಡೀತು. ಹೊಗೆ ಇಲ್ಲ, ಸದ್ದು ಕಡಿಮೆ ಎಂಬ ಅನುಕೂಲಗಳು ನಿಜವೇ, ಆದರೆ ಬ್ಯಾಟರಿಯ ಅಂಕಿ ಕೇಳದೆ ಕೊಳ್ಳಬೇಡಿ.

ಪೆಟ್ರೋಲೋ ಡೀಸೆಲ್ಲೋ? ಡೀಸೆಲ್ ಎಂಜಿನ್ ಕಡಿಮೆ ಇಂಧನದಲ್ಲಿ ಭಾರದ ಕೆಲಸ ಮಾಡುತ್ತದೆ, ಆದರೆ ತೂಕ, ನಡುಕ ಹೆಚ್ಚು. ಪೆಟ್ರೋಲ್ ಯಂತ್ರ ಹಗುರ. ಅದರಲ್ಲೂ ಟೂ ಸ್ಟ್ರೋಕ್ ಆದರೆ ಪ್ರತಿ ಬಾರಿ ಪೆಟ್ರೋಲಿಗೆ ಸರಿಯಾದ ಅಳತೆಯಲ್ಲಿ ಆಯಿಲ್ ಬೆರೆಸಲೇಬೇಕು. ಒಮ್ಮೆ ಮರೆತರೂ ಎಂಜಿನ್ ಸೀಜ್ ಆಗಬಹುದು. ಯಂತ್ರ ನಡೆಸುವ ಕೈಗಳು ಬದಲಾಗುತ್ತಿರುವ ಮನೆಗಳಿಗೆ ಫೋರ್ ಸ್ಟ್ರೋಕ್ ಸುರಕ್ಷಿತ. ಮಲೆನಾಡಿನ ಇಳಿಜಾರಿನವರು ಒಂದು ಮಾತು ಗಮನಿಸಬೇಕು: ಅನೇಕ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಒಳಗೆ ಚಿಮ್ಮಿ ಹರಡುತ್ತದೆ. ತೀರಾ ಓರೆಯಾದರೆ ಅದು ಭಾಗಗಳಿಗೆ ತಲುಪುವುದಿಲ್ಲ. ಎಷ್ಟು ಡಿಗ್ರಿ ಇಳಿಜಾರಿನವರೆಗೆ ಓಡಿಸಬಹುದು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಮಾತು 5: ‘ಲಿಂಕ್ ಒತ್ತಿ, ಹಣ ಕಟ್ಟಿ, ಸಬ್ಸಿಡಿ ಪಡೆಯಿರಿ’

ಸಬ್ಸಿಡಿ ಇರುವುದು ನಿಜ, ದಾರಿ ಇದಲ್ಲ. ಕರ್ನಾಟಕದಲ್ಲಿ ಕೃಷಿ ಯಾಂತ್ರೀಕರಣ ಯೋಜನೆಯಡಿ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ. 90ರವರೆಗೆ ಸಹಾಯಧನವಿದೆ. ಇದಕ್ಕೆ ಗರಿಷ್ಠ ಮಿತಿ ಇದೆ, ಆ ವರ್ಷದ ಅನುದಾನವೂ ಇರಬೇಕು. ಅರ್ಜಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ವಿಚಾರಿಸಬೇಕಾದ ಜಾಗ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ. ವಾಟ್ಸಾಪಿನಲ್ಲಿ ಬಂದ ಲಿಂಕಿಗೆ ಆಧಾರ್ ಸಂಖ್ಯೆ, ಒಟಿಪಿ, ನೋಂದಣಿ ಶುಲ್ಕ ಯಾವುದನ್ನೂ ಕೊಡಬೇಡಿ. ಮೊದಲು ಯಂತ್ರ ಕೊಂಡು ಆಮೇಲೆ ಸಬ್ಸಿಡಿ ಕೇಳೋಣ ಎಂದುಕೊಳ್ಳುವುದೂ ಬೇಡ. ಅನುಮೋದಿತ ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರ ಅದು ಸಿಗುತ್ತದೆ.

ಮಣ್ಣು ಹದ ಮಾಡುವ ಕೃಷಿ ಯಂತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಸಬ್ಸಿಡಿ ಇಲ್ಲದ ಬೆಲೆ ಎಷ್ಟು ಎಂದು ಎರಡು ಮೂರು ಕಡೆ ಬರವಣಿಗೆಯಲ್ಲಿ ಕೇಳಿ. ಬೆಲೆ ಏರಿಸಿ ರಿಯಾಯಿತಿ ತೋರಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ವರ್ಷಕ್ಕೆ ಎಷ್ಟು ಗಂಟೆಯ ಕೆಲಸವಿದೆ ಎಂಬುದನ್ನೂ ಬರೆದು ನೋಡಿ. ಹತ್ತಿಪ್ಪತ್ತು ಗಂಟೆ ಮಾತ್ರ ಎಂದಾದರೆ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವರಿಂದಲೋ ಬಾಡಿಗೆಗೆ ತರುವುದೇ ಅಗ್ಗವಾದೀತು.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಆನ್‌ಲೈನ್‌ನಲ್ಲಿ ಹೆಸರಿಲ್ಲದ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಬಿತ್ತನೆಯ ವಾರದಲ್ಲಿ ಕ್ಲಚ್ ಕೇಬಲ್ ತುಂಡಾದರೆ ಅದನ್ನು ಯಾರು ಕೊಡುತ್ತಾರೆ? ಹಣ ಕೊಡುವ ಮುನ್ನ ಹತ್ತಿರದ ಪಟ್ಟಣದ ಮೆಕ್ಯಾನಿಕ್ ಬಳಿ ಹೋಗಿ, ಆ ಮಾದರಿಯ ಬ್ಲೇಡ್, ಬೆಲ್ಟ್, ಆಯಿಲ್ ಸೀಲ್, ಕಾರ್ಬ್ಯುರೇಟರ್ ಸಿಗುತ್ತದೆಯೇ ಎಂದು ಕೇಳಿ. ಬಿಚ್ಚಿ ರಿಪೇರಿ ಮಾಡಬಲ್ಲ ಗೇರ್ ಬಾಕ್ಸ್ ಇರುವ ಯಂತ್ರ ಸ್ವಲ್ಪ ದುಬಾರಿಯಾದರೂ ಲಾಭವೇ. ದಕ್ಷಿಣ ಭಾರತದ ಸರ್ಕಾರಿ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ನೀವು ಕೊಳ್ಳುವ ಮಾದರಿಗೆ ಇಂಥ ಸಂಸ್ಥೆಯ ಪರೀಕ್ಷಾ ವರದಿ ಇದೆಯೇ ಎಂದು ಮಾರಾಟಗಾರರನ್ನು ಕೇಳಿ. ಸ್ಟಿಕರಿನ ಎಚ್‌ಪಿಗಿಂತ ಆ ವರದಿಯ ಅಂಕಿ ನಂಬಲು ಯೋಗ್ಯ.

ಕೈಕಾಲು ಉಳಿಯಬೇಕಲ್ಲವೇ?

ಈ ಯಂತ್ರಗಳ ಅತಿ ದೊಡ್ಡ ಅಪಾಯ ರಿವರ್ಸ್ ಗೇರ್. ಹಿಂದಕ್ಕೆ ಬರುವಾಗ ನಡೆಸುವವರು ಎಡವಿ ಬಿದ್ದರೆ, ಅಥವಾ ಮರಕ್ಕೂ ಹ್ಯಾಂಡಲ್‌ಗೂ ನಡುವೆ ಸಿಕ್ಕಿಕೊಂಡರೆ, ಬ್ಲೇಡ್ ಕಾಲಿನ ಮೇಲೇ ಬರುತ್ತದೆ. ಆದ್ದರಿಂದ ಅಂಗಡಿಯಲ್ಲೇ ಯಂತ್ರ ಚಾಲೂ ಮಾಡಿಸಿ ಎರಡು ವಿಷಯ ಪರೀಕ್ಷಿಸಿ: ಕೈ ಬಿಟ್ಟ ತಕ್ಷಣ ಬ್ಲೇಡ್ ನಿಲ್ಲುತ್ತದೆಯೇ? ರಿವರ್ಸ್‌ನಲ್ಲಿ ಬ್ಲೇಡ್ ತಿರುಗದಂತೆ ತಡೆ ಇದೆಯೇ? ಕೈ ನೋಯುತ್ತದೆ ಎಂದು ಕ್ಲಚ್ ಲಿವರಿಗೆ ಹಗ್ಗ ಕಟ್ಟುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಪಂಚೆ, ಸೀರೆಯ ಸೆರಗು, ಟವೆಲ್ ಬ್ಲೇಡಿಗೆ ಸಿಕ್ಕಿಕೊಳ್ಳುತ್ತವೆ. ಬಿಗಿಯಾದ ಬಟ್ಟೆ, ಗಟ್ಟಿ ಬೂಟು ಇರಲಿ. ಬ್ಲೇಡಿಗೆ ಸುತ್ತಿದ ಹುಲ್ಲು ತೆಗೆಯುವಾಗ ಎಂಜಿನ್ ಪೂರ್ತಿ ಆಫ್ ಆಗಿರಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅದು ಜೀವ ತೆಗೆಯಬಲ್ಲದು.

ಹೊಸದು ಮನೆಗೆ ಬಂದ ದಿನ

ಹಲವು ಯಂತ್ರಗಳನ್ನು ಎಂಜಿನ್ ಆಯಿಲ್, ಗೇರ್ ಆಯಿಲ್ ಹಾಕದೆಯೇ ಪೆಟ್ಟಿಗೆಯಲ್ಲಿ ಕಳಿಸಲಾಗುತ್ತದೆ. ಎರಡನ್ನೂ ನೋಡದೆ ಹಗ್ಗ ಎಳೆಯಬೇಡಿ. ಮೊದಲ 20 ಗಂಟೆಯ ಕೆಲಸದ ನಂತರ ಎಂಜಿನ್ ಆಯಿಲ್ ಬದಲಿಸಿ, ಆಮೇಲೆ ಕೈಪಿಡಿ ಹೇಳಿದಂತೆ ಮಾಡಿ. ದೂಳಿನ ನೆಲದಲ್ಲಿ ಏರ್ ಫಿಲ್ಟರನ್ನು ಪ್ರತಿದಿನ ನೋಡಿ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಡಿ. ಈ ಒಂದು ಅಭ್ಯಾಸವಿದ್ದರೆ ಮುಂದಿನ ಮುಂಗಾರಿಗೆ ಮತ್ತೆ ‘ಯಂತ್ರ ಕೆಟ್ಟಿದೆ’ ಎನ್ನುವ ಪ್ರಮೇಯ ಕಡಿಮೆ.

ಒಟ್ಟಿನಲ್ಲಿ ಹೇಳುವುದಾದರೆ: ಮೊದಲು ಹಳೆಯದನ್ನು ಪರೀಕ್ಷಿಸಿ, ಸಾಲು ಅಳೆಯಿರಿ, ಗಂಟೆಗಳ ಲೆಕ್ಕ ಹಾಕಿ, ಬಿಡಿಭಾಗ ವಿಚಾರಿಸಿ, ಕೈ ಬಿಟ್ಟರೆ ಬ್ಲೇಡ್ ನಿಲ್ಲುತ್ತದೆಯೇ ನೋಡಿ. ಎಚ್‌ಪಿಯ ಮಾತು ಅದಾದ ಮೇಲೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಈ ಹಂಗಾಮಿನಲ್ಲಿ ಯಂತ್ರ ಕೊಳ್ಳುವವರಿದ್ದರೆ, ಅವರು ಮುಂಗಡ ಕೊಡುವ ಮುನ್ನ ಇದನ್ನು ಕಳಿಸಿ.