ವಕೀಲರು ಮತ್ತೆ ಓದಬೇಕೇ?



ನಾನು ಓದಿದ್ದು ಎಸ್‌ಎಸ್‌ಎಲ್‌ಸಿಯವರೆಗೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದೆ. ಆದರೆ ಓದು ಮಾತ್ರ ನನ್ನನ್ನು ಬಿಡಲಿಲ್ಲ. ಬಡ್ಡಿದರ ಬದಲಾದರೆ ಸುತ್ತೋಲೆ, ಚೆಕ್ಕಿನ ನಿಯಮ ಬದಲಾದರೆ ಸುತ್ತೋಲೆ; ಓದಿದ್ದೇನೆಂದು ಅದರ ಅಂಚಿನಲ್ಲಿ ಸಹಿ ಹಾಕಬೇಕು. ಬ್ಯಾಂಕರುಗಳ ಸಂಸ್ಥೆಯ ಪರೀಕ್ಷೆ ಪಾಸು ಮಾಡಿದವರಿಗೆ ಒಂದು ಇನ್‌ಕ್ರಿಮೆಂಟೂ ಉಂಟು. ಗುಮಾಸ್ತನಿಗೇ ಇಷ್ಟಿರುವಾಗ, ನಮ್ಮ ಆಸ್ತಿಪಾಸ್ತಿ, ಮಾನ ಮರ್ಯಾದೆಗಳನ್ನು ಕೈಯಲ್ಲಿ ಹಿಡಿದಿರುವ ವಕೀಲರಿಗೆ ಎಷ್ಟಿರಬೇಡ ಎಂದು ನಾನು ನಂಬಿದ್ದೆ. ಆ ನಂಬಿಕೆ ಎಷ್ಟು ನಿಜ ಎಂಬುದೇ ಇಂದಿನ ವಿಚಾರ.

ಹಳೆಯ ಕಾಲದಿಂದ ಆರಂಭಿಸೋಣ. ಬ್ರಿಟಿಷರು 1879ರಲ್ಲಿ ವಕೀಲಿ ವೃತ್ತಿಗೆಂದು ಒಂದು ಕಾಯ್ದೆ ತಂದರು. ಅದರಂತೆ ಪ್ಲೀಡರುಗಳೂ ಮುಕ್ತ್ಯಾರರೂ ವರ್ಷಕ್ಕೊಮ್ಮೆ ತಮ್ಮ ಸರ್ಟಿಫಿಕೇಟನ್ನು ನವೀಕರಿಸಿಕೊಳ್ಳಬೇಕಿತ್ತು. ಆದರೆ ಸರ್ಕಾರ ಪ್ರತಿ ವರ್ಷ ಕೇಳುತ್ತಿದ್ದುದು ಸ್ಟಾಂಪಿನ ಹಣವನ್ನು. ಹೊಸದಾಗಿ ಏನು ಓದಿದಿರಿ ಎಂದಲ್ಲ.

ಹಾಗೆಂದು ಆ ಕಾಲದ ವಕೀಲರು ಓದಲೇ ಇಲ್ಲ ಎನ್ನಬೇಡಿ. 1888ರಲ್ಲಿ ಮದ್ರಾಸಿನ ಮೈಲಾಪುರದಲ್ಲಿ, ಸರ್ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿ, ದೊಡ್ಡ ದೊಡ್ಡ ವಕೀಲರೆಲ್ಲ ಪ್ರತಿ ಶನಿವಾರ ಸಂಜೆ ಕೂಡುತ್ತಿದ್ದರು. ಅದಕ್ಕೆ ಸ್ಯಾಟರ್‌ಡೇ ಕ್ಲಬ್ ಎಂದು ಹೆಸರು. ಕಾನೂನಿನ ಚರ್ಚೆಯೇ ಅಲ್ಲಿನ ಕೆಲಸ. ಆ ಕೂಟದಿಂದಲೇ 1891ರಲ್ಲಿ ಮದ್ರಾಸ್ ಲಾ ಜರ್ನಲ್ ಎಂಬ ಪತ್ರಿಕೆ ಹುಟ್ಟಿತು. ಯಾರ ಕಟ್ಟಳೆಯೂ ಇಲ್ಲದೆ ತಾವಾಗಿ ಓದಿದವರು ಅವರು. ಆದರೆ ಅದು ಪಟ್ಟಣದ ಹಿರಿಯರ ಮಾತು. ಮೈಲಾಪುರ ಎಲ್ಲಿ, ನಮ್ಮ ಹಳ್ಳಿಯ ಕಕ್ಷಿದಾರ ಎಲ್ಲಿ!

ಗಡಿಯ ಜನರಾದ ನಮಗೆ ಕಾನೂನು ಬದಲಾಗುವುದೆಂದರೆ ಏನೆಂದು 1956ರಲ್ಲಿ ಚೆನ್ನಾಗಿ ತಿಳಿಯಿತು. ಕೊಳ್ಳೇಗಾಲ ತಾಲ್ಲೂಕು ಅಲ್ಲಿಯವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಆ ವರ್ಷ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಇತ್ತಲೇ ಉಳಿಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ರಾಜ್ಯ ಬದಲಾದ ದಿನವೇ ಕಾನೂನು ಬದಲಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೆಯ ಕಲಮಿನಂತೆ, ಹೊಸ ಕಾಯ್ದೆ ಬರುವ ತನಕ ಹಳೆಯದೇ ನಡೆಯಬೇಕು. ಹೀಗಾಗಿ ಕೊಳ್ಳೇಗಾಲದವನಿಗೆ ಹೈಕೋರ್ಟು ಬೆಂಗಳೂರು, ಕಾಯ್ದೆ ಮಾತ್ರ ಮದ್ರಾಸಿನದು! ಕರ್ನಾಟಕದ ಹಳೆಯ ಕಾಯ್ದೆಗಳನ್ನು ತೆರೆದರೆ ‘ಮದ್ರಾಸ್ ಪ್ರದೇಶ’ ಎಂಬ ಮಾತು ಸಿಗುತ್ತದೆ. ದಕ್ಷಿಣ ಕನ್ನಡದ ಜೊತೆಗೆ ಕೊಳ್ಳೇಗಾಲವೂ ಅದರೊಳಗೆ ಸೇರಿದೆ. ಮುಂದೆ ಮೈಸೂರು ಸರ್ಕಾರದ ಕಾಯ್ದೆಗಳು ಒಂದೊಂದಾಗಿ ಬಂದವು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಅಂದು ಯಾವ ಕಾಯ್ದೆ ಹೋಯಿತು, ಯಾವುದು ಉಳಿಯಿತು ಎಂದು ಓದಿ ತಿಳಿಯದ ವಕೀಲನ ಕೈಗೆ ಸಿಕ್ಕ ಗೇಣಿದಾರನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಅದೇ 1961ರಲ್ಲಿ ಇಡೀ ದೇಶಕ್ಕೆ ವಕೀಲರ ಕಾಯ್ದೆ ಬಂತು. ಸನ್ನದು ಪಡೆಯುವ ಮೊದಲು ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕೆಂಬ ನಿಯಮ ಅದರಲ್ಲಿತ್ತು. 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ಮತ್ತೆ ಒಂದು ವರ್ಷದ ತರಬೇತಿಯ ನಿಯಮ ಮಾಡಿತು. ಹಾಗೆ ಮಾಡುವ ಅಧಿಕಾರ ಪರಿಷತ್ತಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 1999ರ ಮಾರ್ಚ್ 15ರಂದು ಅದನ್ನು ರದ್ದು ಮಾಡಿತು. 2010ರಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆ ನಡೆಸುವ ತೀರ್ಮಾನವಾಗಿ, 2011ರ ಮಾರ್ಚ್ 6ರಂದು ಮೊದಲ ಪರೀಕ್ಷೆ ನಡೆಯಿತು. ಅದರ ಮೇಲೂ ವ್ಯಾಜ್ಯ ಹೂಡಲಾಯಿತು. ಕೊನೆಗೆ 2023ರ ಫೆಬ್ರವರಿ 10ರಂದು ಐವರು ನ್ಯಾಯಮೂರ್ತಿಗಳ ಪೀಠ, ಪರೀಕ್ಷೆ ನಡೆಸಲು ಪರಿಷತ್ತಿಗೆ ಅಧಿಕಾರವಿದೆ ಎಂದು ಹೇಳಿತು.

ಒಂದು ಮಾತನ್ನು ಗಮನಿಸಿ. ಐವತ್ತು ವರ್ಷಕ್ಕೂ ಮೀರಿದ ಈ ಜಗ್ಗಾಟವೆಲ್ಲ ಬಾಗಿಲಿನಲ್ಲಿ ನಡೆದದ್ದು. ಒಳಗೆ ಬರುವವರನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಎಲ್ಲರ ಚಿಂತೆ. ಒಳಗೆ ಬಂದು ಮೂವತ್ತು ವರ್ಷ ಆದವರು ನಿನ್ನೆ ಬಂದ ಕಾಯ್ದೆಯನ್ನು ಓದಿದ್ದಾರೋ ಇಲ್ಲವೋ ಎಂಬ ಚಿಂತೆ ಅದರಲ್ಲಿಲ್ಲ. ವರ್ಷಕ್ಕೆ ಇಷ್ಟು ಗಂಟೆ ಕಲಿಯಲೇಬೇಕೆಂಬ ಕಲಮನ್ನು 1961ರ ಕಾಯ್ದೆಯಲ್ಲಿ ಬರೆಯಲಿಲ್ಲ.

ಇದು ನಮಗೇಕೆ ಎನ್ನುತ್ತೀರಾ? ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಅಕ್ಕನನ್ನು 1984ರಲ್ಲಿ ಕೊಳ್ಳೇಗಾಲದ ಕಡೆಗೆ ಮದುವೆ ಮಾಡಿಕೊಟ್ಟಿದ್ದೆವು. ಅಮ್ಮ ಮೊದಲೇ ಹೋಗಿದ್ದಳು, ಅಪ್ಪ 2007ರಲ್ಲಿ ತೀರಿಕೊಂಡರು. ಉಳಿದವರು ನಾವಿಬ್ಬರೇ. ಪಿತ್ರಾರ್ಜಿತವಾಗಿ ಬಂದದ್ದು ಎಂಟು ಸೆಂಟು ಜಾಗ. ಪಾಲುಪತ್ರ ಬರೆಸಲು ಒಬ್ಬ ಹಿರಿಯ ವಕೀಲರ ಬಳಿಗೆ ಹೋದೆವು. ತಮಿಳುನಾಡಿನ ಕಾಯ್ದೆ 1989ರ ಮಾರ್ಚ್ 25ರಿಂದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದಿತ್ತು. ವಕೀಲರು ಅದನ್ನೇ ಹಿಡಿದರು. ಜಾಗದಲ್ಲಿ ಅರ್ಧ ನನ್ನದು, ಉಳಿದರ್ಧ ಅಪ್ಪನ ಪಾಲು, ಅದನ್ನು ಇಬ್ಬರೂ ಹಂಚಿಕೊಳ್ಳಬೇಕು ಎಂದರು. ನನಗೆ ಆರು ಸೆಂಟು, ಅಕ್ಕನಿಗೆ ಎರಡು. ಲೆಕ್ಕ ಬರೆದವನು ನಾನೇ.

ಆದರೆ 2005ರ ಸೆಪ್ಟೆಂಬರ್ 9ರಿಂದಲೇ ಕೇಂದ್ರದ ತಿದ್ದುಪಡಿ ಜಾರಿಯಲ್ಲಿತ್ತು. ಮದುವೆ ಯಾವಾಗ ಆಯಿತು ಎಂಬ ಷರತ್ತು ಅದರಲ್ಲಿ ಇಲ್ಲ. ಅದರ ಪ್ರಕಾರ ನಮ್ಮಿಬ್ಬರಿಗೂ ನಾಲ್ಕು ನಾಲ್ಕು ಸೆಂಟು ಬರಬೇಕಿತ್ತು. 2020ರ ಆಗಸ್ಟ್ 11ರಂದು ಹೆಣ್ಣುಮಕ್ಕಳ ಪಾಲಿನ ಬಗ್ಗೆ ಸುಪ್ರೀಂ ಕೋರ್ಟು ದೊಡ್ಡ ತೀರ್ಪು ಕೊಟ್ಟಿತು. ಅದನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ಎದೆ ಧಸಕ್ಕೆಂದಿತು. ಒಬ್ಬ ಯುವ ವಕೀಲರನ್ನು ವಿಚಾರಿಸಿದೆ, ಅವರು ವಿವರಿಸಿದರು. ಅಕ್ಕನ ಮನೆಗೆ ಹೋಗಿ ಹೇಳಿದಾಗ ಅವಳು ಅಂದದ್ದು ಒಂದೇ ಮಾತು: “ವಕೀಲರು ಓದಲಿಲ್ಲ ಸರಿ ತಮ್ಮಾ, ನೀನಾದರೂ ಕೇಳಬೇಕಿತ್ತಲ್ಲ?” ತಪ್ಪಿನಿಂದ ಲಾಭವಾದವನು ನಾನು, ಉತ್ತರ ಹೊರಡಲಿಲ್ಲ. ಎರಡು ಸೆಂಟನ್ನು ಅವಳ ಹೆಸರಿಗೆ ರಿಜಿಸ್ಟರ್ ಮಾಡಿಸಿಕೊಟ್ಟೆ.

ಬೇರೆ ದೇಶಗಳು ಇದಕ್ಕೆ ಏನು ಮಾಡಿವೆ? ಅಮೆರಿಕದ ಮಿನ್ನೆಸೋಟ ರಾಜ್ಯ 1975ರಲ್ಲೇ ವಕೀಲರ ನಿರಂತರ ಕಲಿಕೆಯನ್ನು ಕಡ್ಡಾಯ ಮಾಡಿತು. ಮೂರು ವರ್ಷಕ್ಕೆ 45 ಗಂಟೆ. ಇಂಗ್ಲೆಂಡಿನ ಸಾಲಿಸಿಟರುಗಳಿಗೆ ವರ್ಷಕ್ಕೆ 16 ಗಂಟೆ ಎಂದಿತ್ತು. ಗಂಟೆ ತುಂಬಿಸಿದ ಮಾತ್ರಕ್ಕೆ ಕಲಿತಂತಲ್ಲ ಎಂದು 2016ರಲ್ಲಿ ಆ ಲೆಕ್ಕ ಬಿಟ್ಟು, ತನಗೇನು ಕೊರತೆ ಎಂದು ವಕೀಲನೇ ಕಂಡುಕೊಂಡು ಕಲಿಯಬೇಕೆಂದರು. ನಮ್ಮ ಪಕ್ಕದ ಕೇರಳದ ವಕೀಲರ ಪರಿಷತ್ತು ಕೊಚ್ಚಿಯಲ್ಲಿ ಇಂಥ ಕಲಿಕೆಗಾಗಿಯೇ ಒಂದು ಅಕಾಡೆಮಿ ನಡೆಸಿದೆ. ಅದಕ್ಕಿಟ್ಟಿರುವುದು ಎಂ. ಕೆ. ನಂಬ್ಯಾರ್ ಅವರ ಹೆಸರು. ಮಂಗಳೂರಿನಲ್ಲಿ ವಕೀಲಿ ಮಾಡಿ ಮದ್ರಾಸಿಗೆ ಹೋಗಿ, 1950ರ ಎ. ಕೆ. ಗೋಪಾಲನ್ ಮೊಕದ್ದಮೆಯಲ್ಲಿ ವಾದಿಸಿ ಹೆಸರಾದವರು ಅವರು.

ಸುತ್ತೋಲೆ ಓದದೆಯೇ ಸಹಿ ಹಾಕಿದವರನ್ನು ನಾನೂ ಬ್ಯಾಂಕಿನಲ್ಲಿ ಕಂಡಿದ್ದೇನೆ. ಆದ್ದರಿಂದ ನಿಯಮವೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನಲಾರೆ. ಆದರೂ ಕೇಳುವವರೇ ಇಲ್ಲದಿರುವುದಕ್ಕಿಂತ ಒಂದು ನಿಯಮವಿರುವುದು ಮೇಲು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೋಸಗಾರನಿಗೆ ನಾವು ಇಟ್ಟಿದ್ದ 420 ಎಂಬ ಹೆಸರು ಈಗ 318ರಲ್ಲಿದೆ. ಕೊಲೆಯ 302 ಈಗ 103 ಆಗಿದೆ. 1860ರಿಂದ ಬಾಯಿಪಾಠವಾಗಿ ಬಂದದ್ದನ್ನು ನರೆತ ತಲೆಯವರೂ ಮತ್ತೆ ಕಲಿಯಬೇಕಾದ ಕಾಲವಿದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ಪ್ರಶ್ನೆ. ಪತ್ರಕ್ಕೆ ಸಹಿ ಹಾಕುವ ಮೊದಲು, ತಮಿಳಿನಲ್ಲೋ ಕನ್ನಡದಲ್ಲೋ, ವಿನಯದಿಂದಲೇ ಕೇಳಿ: “ಅಯ್ಯಾ, ಇದು ಯಾವ ವರ್ಷದ ಕಾನೂನು? ಆಮೇಲೆ ಬದಲಾಗಿದೆಯೇ?” ಓದಿದ ವಕೀಲರು ಇದಕ್ಕೆ ಬೇಸರಪಡುವುದಿಲ್ಲ. ಅಂದು ನಾನು ಕೇಳಲಿಲ್ಲ, ನೀವು ಕೇಳಿ.